ತಲೆ ಆಡಿಸಿದರೆ ಒಪ್ಪಿದಂತಲ್ಲ

ದೊಡ್ಡಬಳ್ಳಾಪುರದ ಈ ನೇಕಾರರ ಕೇರಿಯಲ್ಲಿ ಯಾರ ಜೊತೆಗಾದರೂ ಮಾತಾಡಬೇಕೆಂದರೆ ಬೆಳಕು ಹರಿಯುವ ಮುಂಚೆ ಬರಬೇಕು. ಒಮ್ಮೆ ಮಗ್ಗ ಶುರುವಾಯಿತೋ ಮುಗಿಯಿತು, ಆಮೇಲೆ ಕೇರಿಯಲ್ಲಿ ಬಾಯಿ ಇರುವುದು ಮಗ್ಗಕ್ಕೆ ಮಾತ್ರ. ಅದಕ್ಕೇ ಚೌಡೇಶ್ವರಿ ಮಬ್ಬುಗತ್ತಲಲ್ಲೇ ಬಂದು ಕೋದಂಡರಾಮಯ್ಯನವರ ಮನೆಯ ಬಾಗಿಲು ತಟ್ಟುತ್ತಿದ್ದಾರೆ. ತಟ್ಟುವ ಮುಂಚೆ ಕೊರಳಲ್ಲಿದ್ದ ವಿಶ್ವವಿದ್ಯಾಲಯದ ಗುರುತಿನ ಚೀಟಿಯನ್ನು ತೆಗೆದು ಚೀಲದೊಳಗೆ ಹಾಕಿಕೊಂಡಿದ್ದಾರೆ. ಕೊರಳಿಗೆ ಚೀಟಿ ನೇತುಹಾಕಿಕೊಂಡು ಬಂದವರಿಂದ ಈ ಕೇರಿಗೆ ಇದುವರೆಗೆ ಒಳ್ಳೆಯದಾದದ್ದು ಕಡಿಮೆ.

“ಯಾರದು? ಕರೆಂಟ್ ಆಫೀಸಿನವ್ರಾ?” ಒಳಗಿನಿಂದ ಹೆಂಗಸಿನ ದನಿ.

“ಅಲ್ಲಕ್ಕ, ನಾನು ಚೌಡಮ್ಮ. ಹಿಂದಿನ್ ಬೀದಿಯೋಳು.”

ಬಾಗಿಲು ಒಂದು ಗೇಣು ತೆರೆಯುತ್ತದೆ. ಕೋದಂಡರಾಮಯ್ಯನವರ ಹೆಂಡತಿ ನಾರಾಯಣಮ್ಮ ಮೊದಲು ನೋಡುವುದು ಚೌಡೇಶ್ವರಿಯ ಮುಖವನ್ನಲ್ಲ, ಅವರ ಬೆನ್ನ ಹಿಂದೆ ಇನ್ಯಾರಾದರೂ ನಿಂತಿದ್ದಾರಾ ಎಂಬುದನ್ನು. ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಬಾಗಿಲು ಇನ್ನೊಂದು ಗೇಣು ಸರಿಯುತ್ತದೆ.

“ಅಕ್ಕ, ಹೋದ್ವಾರ ನಮ್ಮ ಯೂನಿವರ್ಸಿಟಿಯಿಂದ ನವ್ಯಶ್ರೀ ಅನ್ನೋ ಮೇಡಂ ಬಂದಿದ್ರಲ್ಲ, ನಿಮ್ ಕಿವಿ ಪರೀಕ್ಷೆ ಮಾಡ್ತೀವಿ ಅಂತ. ನೀವು ಒಪ್ಕೊಂಡ್ರಂತೆ?”

“ಯಾವ ಕಿವಿ? ಯಾವ ಪರೀಕ್ಷೆ? ಒಬ್ಳು ಹುಡುಗಿ ಬಂದು ಏನೋ ಹೇಳ್ತಿದ್ಲು. ಮಗ್ಗ ಓಡ್ತಿತ್ತು.”

“ತಲೆ ಆಡ್ಸಿದ್ರಂತೆ?”

“ಆಡಿಸ್ದೆ. ಇಲ್ದಿದ್ರೆ ಜಾಗ ಖಾಲಿ ಮಾಡೋಳೇನೇ ಅವ್ಳು?”

ಚೌಡೇಶ್ವರಿಗೆ ಬೇಕಾಗಿದ್ದ ಉತ್ತರ ಇದೇ, ಬೇಡವಾಗಿದ್ದ ಉತ್ತರವೂ ಇದೇ. ಮಗ್ಗದ ಮನೆಯಲ್ಲಿ ತಲೆ ಆಡಿಸುವುದಕ್ಕೆ ಒಪ್ಪಿಗೆ ಎಂಬ ಅರ್ಥವಿಲ್ಲ. ಕೇಳಿಸಲಿಲ್ಲ, ಸದ್ಯಕ್ಕೆ ಹೋಗು, ಆಮೇಲೆ ನೋಡೋಣ ಎಂಬುದನ್ನೆಲ್ಲ ಒಂದೇ ಏಟಿಗೆ ಹೇಳುವ ವಿಧಾನ ಅದು. ಮೌನಂ ಸಮ್ಮತಿ ಲಕ್ಷಣಂ ಎಂದವರು ಯಾರೋ, ವಿದ್ಯುತ್ ಮಗ್ಗದ ಪಕ್ಕ ಒಂದು ಗಳಿಗೆಯೂ ನಿಂತವರಂತೂ ಅಲ್ಲ.

ಚೌಡೇಶ್ವರಿ ಕೆಲಸ ಮಾಡುವುದು ದೇವನಹಳ್ಳಿ ರಸ್ತೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಅಧ್ಯಾಪಕರಿಗೆ ಸಂಶೋಧನೆ ಮಾಡುವ ಆಸೆ ಇದೆ, ಮಾಡಿಸುವಷ್ಟು ಹಣ ಆಡಳಿತದವರ ಬಳಿ ಇಲ್ಲ, ಅಥವಾ ಇಲ್ಲವೆಂದು ಅವರು ಹೇಳುತ್ತಾರೆ. ಹಾಗಾಗಿ ಹೊರಗಿನ ಸಂಸ್ಥೆಗಳಿಗೆ ಅರ್ಜಿ ಹಾಕಿ ಅನುದಾನ ಗೆಲ್ಲಬೇಕು. ಆ ಅರ್ಜಿಗಳನ್ನು ಓದಿ, ತಿದ್ದಿ, ಸುಳ್ಳು ಉತ್ಪ್ರೇಕ್ಷೆಗಳನ್ನು ಹೆಕ್ಕಿ, ಕೊನೆಯ ದಿನದೊಳಗೆ ಕಳಿಸುವುದು ಇವರ ಕೆಲಸ. ವರ್ಷಕ್ಕೆ ಅರವತ್ತರ ಹತ್ತಿರ ಅರ್ಜಿಗಳು ಇವರ ಮೇಜು ದಾಟುತ್ತವೆ, ಗೆದ್ದು ಬರುವುದು ಏಳೆಂಟು. ಕಚೇರಿಯ ಬಾಗಿಲ ಮೇಲೆ ‘ಸಂಶೋಧನಾ ಬೆಂಬಲ ವಿಭಾಗ’ ಎಂದು ಬರೆದಿದ್ದರೂ ಅಧ್ಯಾಪಕರ ಬಾಯಲ್ಲಿ ಅದು ಅನುಮಾನದ ಇಲಾಖೆ.

“ದುಡ್ಡು ಕೊಡೋರು ಅನುಮಾನ ಪಡೋಕೆ ಮುಂಚೆ ನಾನು ಪಟ್ಬಿಡ್ಬೇಕು. ನನಗೆ ಸಂಬಳ ಕೊಡೋದೇ ಅದಕ್ಕೆ,” ಎನ್ನುತ್ತಾರೆ ಚೌಡೇಶ್ವರಿ. ಅರ್ಜಿಯಲ್ಲಿ ‘ದೇಶದಲ್ಲೇ ಮೊದಲು’ ಎಂಬ ಮಾತು ಕಂಡರೆ ಅವರ ಕೆಂಪು ಪೆನ್ನು ತಾನಾಗಿಯೇ ಮೇಲೇಳುತ್ತದೆ. ಒಬ್ಬರು ಯಂತ್ರಕ್ಕೆ ತಂಪು ಬೇಕು ಎಂದು ಎ.ಸಿ. ಕೇಳಿದ್ದರು. ವಿಚಾರಿಸಿದರೆ ಯಂತ್ರ ಇಡುವುದು ನೆಲಮಾಳಿಗೆಯಲ್ಲಿ, ಎ.ಸಿ. ಹಾಕಿಸುವುದು ಅವರ ಕೋಣೆಯಲ್ಲಿ. ಅನುಮಾನ ಒಂದೇ ಕಡೆಯದೂ ಅಲ್ಲ. ರಸಾಯನಶಾಸ್ತ್ರದ ಮುರಳಿಯವರಿಗೆ ತಮ್ಮ ಐಡಿಯಾವನ್ನು ಈ ಕಚೇರಿಯವರೇ ಬೇರೆಯವರಿಗೆ ಮಾರಿಬಿಡುತ್ತಾರೆ ಎಂಬ ಭಯ. “ಫೈಲಿಗೆ ಪಾಸ್‌ವರ್ಡ್ ಹಾಕಿ ಕಳಿಸ್ತಾರೆ, ಪಾಸ್‌ವರ್ಡ್ ಕೊಡಲ್ಲ. ಕೊನೇ ದಿನ ಸಾಯಂಕಾಲ ಬಂದು ಕಿವೀಲಿ ಹೇಳ್ತಾರೆ. ಅದೂ ಪಿಸಿಪಿಸಿ ಅಂತ. ಏನ್ ಕೇಳಿಸ್ಬೇಕು ನನಗೆ?”

ಇವರ ಬಗ್ಗೆ ಕಚೇರಿಯಲ್ಲಿ ಇನ್ನೊಂದು ದೂರೂ ಇದೆ. ಹಿಂದಿನಿಂದ ಕರೆದರೆ ತಿರುಗಿ ನೋಡುವುದಿಲ್ಲವಂತೆ, ಗರ್ವವಂತೆ.

ಗರ್ವ ಪಡುವಂಥ ಬಾಳೇನೂ ಅಲ್ಲ ಅವರದು. ಹುಟ್ಟಿದ್ದು ಇದೇ ಕೇರಿಯ ಹಿಂದಿನ ಬೀದಿಯಲ್ಲಿ, ಮಗ್ಗಕ್ಕೂ ಮನುಷ್ಯರಿಗೂ ಒಂದೇ ಕೋಣೆಯಿದ್ದ ಮನೆಯಲ್ಲಿ. ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಬೇಕಿತ್ತು. ಮಗ್ಗ ಓಡುತ್ತಿರುವಾಗಲೇ ಅದರ ಬಲಕ್ಕೆ ಚಾಪೆ ಹಾಸಿ ಮಲಗುತ್ತಿದ್ದರು. “ಸದ್ದು ನಿಂತ್ರೆ ಎಚ್ಚರ ಆಗೋದು ನಮಗೆ. ಏನಾಯ್ತಪ್ಪ, ಎಳೆ ಕಿತ್ತೋಯ್ತಾ ಅಂತ ಎದ್ದು ಕೂತ್ಕೊಳ್ಳೋವಿ,” ಎಂದು ನಗುತ್ತಾರೆ. ಬಿ.ಕಾಂ. ಮುಗಿಸಿ ಟೈಪಿಸ್ಟ್ ಆಗಿ ಸೇರಿದವರು ಅಧ್ಯಾಪಕರ ಅರ್ಜಿಗಳನ್ನು ಟೈಪು ಮಾಡುತ್ತಾ ಮಾಡುತ್ತಾ, ಇದು ಗೆಲ್ಲುವುದು, ಇದು ಸೋಲುವುದು ಎಂದು ಹೇಳತೊಡಗಿದರು. ಹೇಳಿದ್ದೆಲ್ಲ ನಿಜವಾಗುತ್ತಿರಲಿಲ್ಲ. ಇವರು ಕಸವೆಂದು ಬದಿಗಿಟ್ಟ ಒಂದು ಅರ್ಜಿಗೆ ದೊಡ್ಡ ಅನುದಾನವೇ ಬಂದು, ಆ ಪ್ರಾಧ್ಯಾಪಕರು ಇಂದಿಗೂ ಇವರನ್ನು ಕಂಡರೆ ಆ ದಿನ ತಾವು ಹಂಚಿದ ಮೈಸೂರುಪಾಕಿನ ಮಾತೆತ್ತುತ್ತಾರೆ. ಆದರೂ ಇವರ ಅನುಮಾನಕ್ಕೆ ಒಂದು ಬೆಲೆ ಬಂತು, ಒಂದು ಕುರ್ಚಿಯೂ ಬಂತು.

ಈಗ ಅವರನ್ನು ಕಾಡುತ್ತಿರುವುದು ನವ್ಯಶ್ರೀಯ ಅರ್ಜಿ. ಮಗ್ಗದ ಸದ್ದಿನಿಂದ ನೇಯುವವರ ಕಿವಿಗೆ ಏನಾಗುತ್ತಿದೆ, ಮಗ್ಗದ ಯಾವ ಭಾಗಕ್ಕೆ ಏನು ಹೊದಿಸಿದರೆ ಆ ಸದ್ದು ತಗ್ಗುತ್ತದೆ ಎಂಬುದು ಅವಳ ಸಂಶೋಧನೆ. ದೆಹಲಿಯ ಸಂಸ್ಥೆಯೊಂದಕ್ಕೆ ತಿಂಗಳ ಕೊನೆಗೆ ಅರ್ಜಿ ತಲುಪಬೇಕು. ನವ್ಯಶ್ರೀ ಗುತ್ತಿಗೆ ಅಧ್ಯಾಪಕಿ, ಅನುದಾನ ಬಂದರೆ ಅವಳ ನೌಕರಿ ಉಳಿಯುತ್ತದೆ, ಬರದಿದ್ದರೆ ಈ ವರ್ಷಕ್ಕೆ ಮುಗಿಯಿತು. ಜಡಿಗೇನಹಳ್ಳಿ ಕಡೆಯ ಬೇಸಾಯದ ಮನೆಯ ಹುಡುಗಿ, ಮಗ್ಗವನ್ನು ಹತ್ತಿರದಿಂದ ನೋಡಿದ್ದೇ ಈಗ. ಅರ್ಜಿಯಲ್ಲಿ ಅವಳು ಬರೆದಿದ್ದಾಳೆ: ಕೇಳಿದ ಎಲ್ಲ ಮನೆಯವರೂ ಪರೀಕ್ಷೆಗೆ ಒಪ್ಪಿದ್ದಾರೆ. ‘ಎಲ್ಲ’ ಎಂಬ ಮಾತಿನ ಕೆಳಗೆ ಚೌಡೇಶ್ವರಿ ಕೆಂಪು ಗೆರೆ ಎಳೆದರು. ನೇಕಾರರು ಎಲ್ಲರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ಅವರು ಹುಟ್ಟಿದಾರಭ್ಯ ಕಂಡಿಲ್ಲ.

ಆದ್ದರಿಂದಲೇ ಈ ಮುಂಜಾನೆಯ ಓಡಾಟ. ಮಗ್ಗ ನಿಂತಿರುವಾಗ ಮನೆಮನೆಗೂ ಹೋಗಿ ಮತ್ತೆ ಕೇಳುತ್ತಿದ್ದಾರೆ. ಈಗ ಎಲ್ಲರಿಗೂ ಚೆನ್ನಾಗಿ ಕೇಳಿಸುತ್ತದೆ, ಕೇಳಿಸಿದ ಕೂಡಲೇ ಎಲ್ಲರೂ ಬೇಡ ಎನ್ನುತ್ತಾರೆ. ಕಿವಿ ಅಂತ ಬಂದು ಕರೆಂಟ್ ಮೀಟರ್ ನೋಡಿಕೊಂಡು ಹೋಗುತ್ತಾರೆ ಎಂದು ಒಬ್ಬರು. ಸದ್ದು ಜಾಸ್ತಿ ಅಂತ ಬರೆದುಕೊಂಡು ಮಗ್ಗಗಳನ್ನು ಊರಾಚೆಗೆ ಎತ್ತಿಸುತ್ತಾರೆ ಎಂದು ಇನ್ನೊಬ್ಬರು. ನಾರಾಯಣಮ್ಮನ ಲೆಕ್ಕಾಚಾರ ಇನ್ನೂ ಆಳದ್ದು.

“ನಮ್ಮೆಜಮಾನ್ರಿಗೆ ಕಿವಿ ಕೇಳಲ್ಲ ಅಂತ ನಿಮ್ ಪುಸ್ತಕದಲ್ಲಿ ಬರ್ಕೊಂಡ್ರೆ, ನೂಲು ಕೊಡೋ ಮಾಲೀಕ ನಾಳೆ ಕೊಡ್ತಾನಾ? ಮಗಳು ಅಕ್ಷತನ್ನ ನೋಡೋಕೆ ಗಂಡಿನ ಕಡೆಯೋರು ಬರೋರವ್ರೆ. ಕಿವುಡರ ಮನೆ ಅಂತ ಒಂದ್ ಮಾತು ಬಿದ್ರೆ ಸಾಕು. ಹೋಗ್ ಹೋಗ್, ನಮ್ ಕಿವಿ ನಮ್ಗೆ ನೆಟ್ಟಗೈತೆ.”

ಇಷ್ಟನ್ನೂ ಚೌಡೇಶ್ವರಿ ಬಂದು ನವ್ಯಶ್ರೀಗೆ ಹೇಳಿದಾಗ ಹುಡುಗಿಯ ಮುಖ ಬಿಳಿಚಿಕೊಳ್ಳುತ್ತದೆ. ಆಮೇಲೆ ಕೆಂಪಾಗುತ್ತದೆ.

“ಮೇಡಂ, ಒಪ್ಪಿದೋರನ್ನ ಒಪ್ಪದ ಹಾಗೆ ಮಾಡಿ ಬಂದಿದೀರಿ. ಯಾಕೆ ಮತ್ತೆ ಕೇಳೋಕೆ ಹೋದ್ರಿ? ನಿಮ್ಮ ಕೇರಿ ಅಂತಾನಾ? ಇಲ್ಲಾ ನನ್ನ ಪ್ರಾಜೆಕ್ಟ್ ಬರ್ಬಾರ್ದು ಅಂತ ಯಾರಾದ್ರೂ ಹೇಳಿದ್ರಾ?”

ಅನುಮಾನವನ್ನೇ ಉಂಡು ಬದುಕುವ ಚೌಡೇಶ್ವರಿಗೂ ಈ ಅನುಮಾನ ಅರಗುವುದಿಲ್ಲ. ಬೇಸರವಾಗಿದೆ, ಸಿಟ್ಟೂ ಬಂದಿದೆ. ಆದರೂ ಅವರು ಹೇಳುವುದಿಷ್ಟೆ: “ನಾಳೆ ನೀವೂ ಬನ್ನಿ. ಆ ಪರೀಕ್ಷೆ ಮಾಡೋ ಪೆಟ್ಟಿಗೆ ತಗೊಂಡ್ ಬನ್ನಿ. ಮಗ್ಗ ಶುರು ಆಗೋದ್ರೊಳಗೆ ಬನ್ನಿ.”

ಮರುದಿನ ಬೆಳಿಗ್ಗೆ ನಾರಾಯಣಮ್ಮನ ಮನೆಯ ಜಗಲಿ ಮುಂದೆ ಇಬ್ಬರೂ ನಿಂತಿದ್ದಾರೆ. ನವ್ಯಶ್ರೀ ಪೆಟ್ಟಿಗೆ ಬಿಚ್ಚುತ್ತಿದ್ದಂತೆ ಆಚೀಚೆ ಮನೆಯವರು ಹಲ್ಲುಜ್ಜುತ್ತಾ, ನೀರು ಹಿಡಿಯುತ್ತಾ ಸೇರುತ್ತಾರೆ. ಇದರಿಂದ ಯಾರಿಗೂ ತೊಂದರೆಯಿಲ್ಲ, ಮೊದಲೇ ಗೊತ್ತಾದರೆ ಒಳ್ಳೆಯದಲ್ಲವಾ ಎಂದು ಚೌಡೇಶ್ವರಿ ತಿಳಿಹೇಳುತ್ತಾರೆ. ನಾರಾಯಣಮ್ಮ ಸೊಂಟಕ್ಕೆ ಕೈ ಕೊಟ್ಟುಕೊಂಡು ಪೂರ್ತಿ ಕೇಳಿಸಿಕೊಂಡು, ತಣ್ಣಗೆ ಒಂದು ಮಾತು ಒಗೆಯುತ್ತಾರೆ.

“ನೀನೂ ಇಲ್ಲೇ ಕಂಡಿಕೆ ಸುತ್ತಿದೋಳಲ್ವೇನೇ? ನೀನ್ ಮಾಡಿಸ್ಕೊಂಡಿದೀಯಾ ಈ ಪರೀಕ್ಷೇನ?”

ಚೌಡೇಶ್ವರಿ ಹೌದೆಂಬಂತೆ ತಲೆ ಆಡಿಸುತ್ತಾರೆ.

“ಮಗ್ಗ ನಿಂತೈತೆ ಕಣೇ. ಬಾಯಲ್ಲಿ ಹೇಳು!”

ಜಗಲಿ ಸುತ್ತ ನಗು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಯಾರೋ ಹಿಂದಿನಿಂದ ಅಂದೇ ಬಿಡುತ್ತಾರೆ. ಬಾಯಲ್ಲಿ ಹೇಳಲು ಚೌಡೇಶ್ವರಿಗೆ ಆಗುವುದಿಲ್ಲ. ಯಾಕೆಂದರೆ ಅವರು ಪರೀಕ್ಷೆ ಮಾಡಿಸಿಕೊಂಡಿಲ್ಲ, ಮಾಡಿಸಿಕೊಳ್ಳಬಾರದೆಂದೇ ಮಾಡಿಸಿಕೊಂಡಿಲ್ಲ. ಎಡಗಿವಿ ಮಂದವಾಗಿದೆ ಎಂಬ ಶಂಕೆ ಅವರಿಗೆ ಎಷ್ಟೋ ವರ್ಷದಿಂದ ಇದೆ. ಗಂಡ ಕಾಂತರಾಜು ಮನೆಯಲ್ಲಿ ಬಲಗಡೆಯೇ ಕೂತು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಾರೆ, ಆದರೆ ಆ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಿಲ್ಲ. ಕಚೇರಿಯಲ್ಲಿ ಗೊತ್ತಾದರೆ ಕುರ್ಚಿ ಹೋದೀತೆಂಬ ಭಯ. ಊರಿನವರ ಅರ್ಜಿಗಳನ್ನೆಲ್ಲ ಅನುಮಾನಿಸಿದ ಈ ಹೆಂಗಸು ತನ್ನ ಕಿವಿಯ ವಿಷಯಕ್ಕೆ ಮಾತ್ರ ಕೆಂಪು ಪೆನ್ನು ಮುಟ್ಟಿರಲಿಲ್ಲ.

ಈಗ ಎಲ್ಲರೂ ನೋಡುತ್ತಿದ್ದಾರೆ. ಚೌಡೇಶ್ವರಿ ಸೀರೆ ಸರಿಮಾಡಿಕೊಂಡು ಜಗಲಿಯ ಮೇಲೆ ಕೂರುತ್ತಾರೆ. “ಹಾಕಿ ಮೇಡಂ, ಮೊದ್ಲು ನಂಗೇ ಹಾಕಿ.”

ನವ್ಯಶ್ರೀ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಬೇಕು ಎಂದು ಹೇಳುತ್ತಾಳೆ. ಬಲಗಿವಿಯ ಸರದಿಯಲ್ಲಿ ಕೈ ಆಗಾಗ ಮೇಲೇಳುತ್ತದೆ. ಆಮೇಲೆ ಎಡಗಿವಿ. ನವ್ಯಶ್ರೀ ಗುಂಡಿ ಒತ್ತುವುದು ಸುತ್ತ ನಿಂತವರಿಗೆ ಕಾಣುತ್ತಿದೆ. ಒತ್ತುತ್ತಾಳೆ, ತಿರುಪು ಏರಿಸುತ್ತಾಳೆ, ಮತ್ತೆ ಒತ್ತುತ್ತಾಳೆ. ಚೌಡೇಶ್ವರಿಯ ಕೈ ತೊಡೆಯ ಮೇಲೇ ಇದೆ.

“ಒತ್ತಿದ್ಲು ಕಣೇ! ಕೈ ಎತ್ತೇ!” ನಾರಾಯಣಮ್ಮನಿಗೆ ತಡೆಯಲಾಗುವುದಿಲ್ಲ. ಹೆಡ್‌ಫೋನಿನಿಂದ ಕಿವಿ ಮುಚ್ಚಿರುವ ಚೌಡೇಶ್ವರಿಗೆ ಅದೂ ಕೇಳಿಸುವುದಿಲ್ಲ. ಅವರು ವಿಧೇಯ ವಿದ್ಯಾರ್ಥಿನಿಯಂತೆ ಕಾದು ಕಾದು, ಕೊನೆಗೆ ನವ್ಯಶ್ರೀಯ ಮುಖ ನೋಡಿ ದೊಡ್ಡ ದನಿಯಲ್ಲಿ ಹೇಳುತ್ತಾರೆ: “ಎಡಗಡೆದು ಶುರು ಮಾಡಿ ಮೇಡಂ, ಹೊತ್ತಾಗ್ತಿದೆ.”

ನಗುತ್ತಿದ್ದವರ ನಗು ನಿಲ್ಲುತ್ತದೆ. ನವ್ಯಶ್ರೀಯ ಕಣ್ಣಲ್ಲಿ ನೀರು. ಎಡಗಿವಿಯದು ಶುರುವಾಗಿ ಮುಗಿದೂ ಹೋಗಿದೆ. ಯಾರೂ ಹೇಳಬೇಕಾದದ್ದಿಲ್ಲ, ಸುತ್ತಲಿನ ಮುಖಗಳನ್ನು ನೋಡಿ ಚೌಡೇಶ್ವರಿಗೆ ಎಲ್ಲವೂ ಅರ್ಥವಾಗಿದೆ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಮುಖ ಓದುವುದು ಬರುತ್ತದೆ.

ನಾರಾಯಣಮ್ಮ ಬಂದು ಅವರ ತಲೆಯಿಂದ ತಾವೇ ಹೆಡ್‌ಫೋನ್ ತೆಗೆಯುತ್ತಾರೆ. “ಏಳವ್ವ, ನಾನ್ ಕೂತ್ಕೊಳ್ತೀನಿ. ಆದ್ರೆ ಒಂದ್ ಮಾತು, ಈ ಪರೀಕ್ಷೆ ಚೀಟಿ ನನ್ನ ಕೈಗೇ ಬರ್ಬೇಕು. ಮಾಲೀಕನ ಕೈಗೆ ಹೋಗ್ಕೂಡ್ದು.”

ಆ ಮಾತು ಹಾಗೇ ಅರ್ಜಿಯೊಳಗೆ ಹೋಗುತ್ತದೆ. ಪರೀಕ್ಷೆಯ ಫಲಿತಾಂಶ ಪರೀಕ್ಷೆ ಮಾಡಿಸಿಕೊಂಡವರ ಕೈಗೆ ಮಾತ್ರ, ಹೆಸರು ಎಲ್ಲೂ ಹೊರಬೀಳದು. ನಾರಾಯಣಮ್ಮನನ್ನು ನೋಡಿ ಇನ್ನೂ ಕೆಲವು ಮನೆಯವರು ಬಾಯಿಬಿಟ್ಟೇ ಒಪ್ಪಿದ್ದಾರೆ, ಹಾಗಾಗಿ ಚೌಡೇಶ್ವರಿ ಎಲ್ಲ ಮನೆಗಳು ಎಂಬುದನ್ನು ಹೊಡೆದುಹಾಕಿ ಅರ್ಧದಷ್ಟು ಮನೆಗಳು ಎಂದು ತಿದ್ದುತ್ತಾರೆ. ಉಳಿದರ್ಧ ಕೇರಿ ಇಂದಿಗೂ ಮೀಟರ್ ಪೆಟ್ಟಿಗೆಗೆ ಗೋಣಿಚೀಲ ಹೊದಿಸಿ ಕೂತಿದೆ.

ಡೀನ್ ಸಾಹೇಬರಿಗೆ ಮನೆಗಳು ಕಡಿಮೆಯಾದದ್ದಕ್ಕಿಂತ ಇನ್ನೊಂದು ಸುದ್ದಿ ಹೆಚ್ಚು ತಲೆ ಕೆಡಿಸುತ್ತದೆ. ಕಿವಿಯ ವಿಷಯವನ್ನು ಚೌಡೇಶ್ವರಿ ತಾವೇ ಹೋಗಿ ಹೇಳಿದ್ದಾರೆ. ಡೀನ್ ಕನ್ನಡಕ ತೆಗೆದು ಕೇಳುತ್ತಾರೆ: “ಅಲ್ಲ ಕಣ್ರೀ, ಇಷ್ಟು ವರ್ಷ ಮೀಟಿಂಗಲ್ಲಿ ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಿದ್ರಲ್ಲ?”

“ಅರ್ಧ ಕೇಳಿಸ್ತಿತ್ತು ಸಾರ್. ಇನ್ನರ್ಧ ಊಹೆ.”

ಯಾವ ಅರ್ಧ ಎಂದು ಡೀನ್ ಕೇಳಿಲ್ಲ. ಅಂದಿನಿಂದ ಮೀಟಿಂಗಿನಲ್ಲಿ ಅವರು ಚೌಡೇಶ್ವರಿಯನ್ನು ಓರೆಗಣ್ಣಿನಿಂದ ನೋಡುತ್ತಾರೆ. ಕುರ್ಚಿ ಉಳಿದಿದೆ, ಆದರೆ ಎಲ್ಲಿಯತನಕ ಎಂಬುದು ಚೌಡೇಶ್ವರಿಗೆ ಖಾತ್ರಿಯಿಲ್ಲ. “ಏನೂ ಅನ್ಲಿಲ್ಲ ಅಂದ್ರೆ ಏನೋ ಯೋಚ್ನೆ ಮಾಡ್ತಾವ್ರೆ ಅಂತಾನೇ ಅರ್ಥ,” ಎನ್ನುತ್ತಾರೆ.

ಅನುದಾನ ಬಂದಿದೆ. ಕೇಳಿದಷ್ಟಲ್ಲ, ಆದರೆ ಕೆಲಸ ಶುರುಮಾಡಲು, ನವ್ಯಶ್ರೀಯ ನೌಕರಿ ಉಳಿಯಲು ಸಾಕು. ವಿಭಾಗದವರು ಜಿಲೇಬಿ ಹಂಚುತ್ತಿರುವಾಗ ಚೌಡೇಶ್ವರಿ ಮಾತ್ರ ಮಂಜೂರಾತಿ ಪತ್ರದ ಕೊನೆಯಲ್ಲಿರುವ ಸಣ್ಣಕ್ಷರದ ಷರತ್ತುಗಳನ್ನು ಓದುತ್ತಾ ಕೂತಿದ್ದಾರೆ. ಎಲ್ಲೋ ಒಂದು ಮುಳ್ಳು ಇದ್ದೇ ಇರುತ್ತದೆ ಎಂಬುದು ಅವರ ನಂಬಿಕೆ. ವಿಶ್ವವಿದ್ಯಾಲಯದ ಫಲಕದಲ್ಲಿ ನವ್ಯಶ್ರೀಯ ಚಿತ್ರವಿದೆ, ಡೀನರ ಚಿತ್ರವಿದೆ. ಚೌಡೇಶ್ವರಿಯ ಹೆಸರಿಲ್ಲ. ಅದು ಅವರಿಗೆ ಹೊಸತೂ ಅಲ್ಲ, ಅವರು ಗೆಲ್ಲಿಸಿದ ಯಾವ ಅರ್ಜಿಯ ಮೇಲೂ ಅವರ ಹೆಸರಿಲ್ಲ. ಕಿವಿಗೆ ಹಾಕುವ ಯಂತ್ರ ಕೊಳ್ಳಿ ಎಂದು ನವ್ಯಶ್ರೀ ಬೆನ್ನು ಬಿದ್ದಿದ್ದಾಳೆ. ಪೇಟೆಯ ಅಂಗಡಿಯವನು ಒಂದು ವಾರ ಉಚಿತವಾಗಿ ಹಾಕಿಕೊಂಡು ನೋಡಿ ಎಂದನಂತೆ. ಉಚಿತ ಎಂದ ಮೇಲೆ ಇವರು ಆ ಕಡೆ ಹೋಗಿಲ್ಲ.

ಇನ್ನು ಏನು ಆಸೆ ಇದೆ ಎಂದು ಕೇಳಿದರೆ ಚೌಡೇಶ್ವರಿ ಕುರ್ಚಿ ತಿರುಗಿಸಿ ಬಲಗಿವಿಯನ್ನು ಮುಂದೆ ಮಾಡುತ್ತಾರೆ, ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಳ್ಳುತ್ತಾರೆ. ಆಮೇಲೆ ಹೇಳುತ್ತಾರೆ:

“ಏನಂದ್ರಿ ಅಂತ ಕೇಳೋಕೆ ಹೆದರ್ಕೊಂಡೇ ಅರ್ಧ ಆಯಸ್ಸು ಕಳ್ದೆ. ಈಗ ಕೇಳ್ತೀನಿ. ಒಂದ್ಸಲಕ್ಕೆ ತಿಳೀದಿದ್ರೆ ಇನ್ನೊಂದ್ಸಲ ಕೇಳ್ತೀನಿ. ಹೇಳೋರು ಬೇಜಾರ್ ಮಾಡ್ಕೋಬಾರ್ದು, ಅಷ್ಟೇ.”