ಅತ್ತೆಯ ಪಾದ, ತೊಳೆದ ಮಾತ್ರೆ

ನಮ್ಮ ಅತ್ತೆಯ ಬಾಯಿ ಯಡಿಯೂರಿಗೆಲ್ಲ ಗೊತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ಸಕ್ಕರೆ ಕಾಯಿಲೆಯಿಂದ ಅವರಿಗೆ ಅಂಗಾಲು ಉರಿ ಶುರುವಾದ ಮೇಲೆ ಆ ಬಾಯಿ ಇನ್ನೂ ಜೋರಾಯಿತು. ಜಯನಗರದ ಡಾಕ್ಟರು ನರಗಳಿಗೆ ಪೆಟ್ಟಾಗಿದೆ ಎಂದು, ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆಗೆ ಬಿ ವಿಟಮಿನ್ ಮಾತ್ರೆಯನ್ನೂ ಬರೆದುಕೊಟ್ಟರು. ಪಕ್ಕದ ಮನೆಯಾಕೆ ತಮ್ಮಲ್ಲಿ ಮಿಕ್ಕಿದ್ದ ಟಾನಿಕ್ ತಂದರು. ಎದುರುಮನೆಯಾಕೆ ಎಂಥದೋ ಹಳದಿ ಗುಳಿಗೆ ತಂದು, "ಇದೂ ಕೊಡಮ್ಮ, ನರಕ್ಕೆ ಒಳ್ಳೇದು" ಎಂದರು. ನಾನು ಎಲ್ಲವನ್ನೂ ಒಟ್ಟಿಗೇ ಕೊಟ್ಟೆ.

ವಿಟಮಿನ್ ಮಾತ್ರೆಯ ಮೇಲಿನ ಕೆಂಪು ಲೇಪವನ್ನು ನಾಲಿಗೆಗಿಟ್ಟು ನೋಡಿದೆ. ಪೆಪ್ಪರಮೆಂಟಿನಂತೆ ಸಿಹಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡುವುದುಂಟೆ? ಅವರ ಕಾಫಿಗೆ ಒಂದು ಹರಳೂ ಬೀಳದಂತೆ ಕಾಯುತ್ತಿದ್ದ ಸೊಸೆ ನಾನು. ದಿನಾ ಬೆಳಿಗ್ಗೆ ಅವರ ಕಣ್ಣೆದುರೇ ಮಾತ್ರೆಯನ್ನು ನೀರಲ್ಲಿ ನೆನೆಸಿ, ಉಜ್ಜಿ ತೊಳೆದು, ಉಳಿದ ಚೂರನ್ನು ಅವರ ಕೈಗಿಡುತ್ತಿದ್ದೆ. ನನ್ನ ಬುದ್ಧಿಗೆ ಬೆಂಕಿ ಬೀಳ.

ಮೂರು ತಿಂಗಳಲ್ಲಿ ಉರಿ ನಿಂತಿತು. ಅತ್ತೆ ಬೀದಿಗೆಲ್ಲ ಸಾರಿ ಬಂದರು. ಒಂದು ಮಧ್ಯಾಹ್ನ ಅವರು ಕಾಲು ಚಾಚಿ ಹೂ ಕಟ್ಟುತ್ತಿದ್ದಾಗ ನೋಡುತ್ತೇನೆ, ಅಂಗಾಲಿನಲ್ಲಿ ಗುಂಡುಸೂಜಿ. ಸುತ್ತ ಕೀವು.

"ಅತ್ತೆ, ನೋಯ್ತಿಲ್ವಾ?"

"ಏನು ನೋಯೋದು?" ಎಂದರು. ಆಗಲೇ ಆಟೋ ಹಿಡಿದು ಅವರನ್ನು ಜಯನಗರಕ್ಕೆ ಕರೆದೊಯ್ದೆ.

ಡಾಕ್ಟರು ಸೂಜಿ ತೆಗೆದು ಗಾಯಕ್ಕೆ ಕಟ್ಟು ಹಾಕಿದರು. "ಉರಿ ವಾಸಿಯಾಗಿಲ್ಲಮ್ಮ, ಪಾದದಲ್ಲಿ ಸ್ಪರ್ಶವೇ ಹೋಗಿದೆ. ಹೀಗೇ ಬಿಟ್ಟಿದ್ರೆ ಪಾದ ತೆಗೀಬೇಕಾಗ್ತಿತ್ತು. ಮಾತ್ರೆ ಹೇಗೆ ತಗೋತಿದ್ದಾರೆ?"



"ಸಿಹಿ ಅಂತ ನಾನೇ ತೊಳ್ಕೊಂಡು ನುಂಗ್ತಿದ್ದೆ, ಅಕ್ಕಪಕ್ಕದವರು ಕೊಟ್ಟ ಟಾನಿಕ್ಕು, ಗುಳಿಗೇನೂ ಜೊತೆಗೆ," ಎಂದರು ಅತ್ತೆ, ನನ್ನತ್ತ ನೋಡದೆ.

ಡಾಕ್ಟರು ಅವರನ್ನು ಚೆನ್ನಾಗಿ ಬೈದರು. "ಆ ಸಿಹಿ ಲೆಕ್ಕಕ್ಕಿಲ್ಲ. ತೊಳೆದ್ರೆ ಮದ್ದೂ ನೀರಿಗೇ ಹೋಗತ್ತೆ. ವಿಟಮಿನ್ ಕಮ್ಮಿ ಇದ್ರೆ ಮಾತ್ರೆ ಸಹಾಯ ಮಾಡತ್ತೆ, ಅಷ್ಟೇ. ಅವರಿವರು ಕೊಟ್ಟಿದ್ದೆಲ್ಲ ಬೇಡ. ಸಕ್ಕರೆ ಹತೋಟೀಲಿರಲಿ, ದಿನಾ ಪಾದ ನೋಡ್ಕೊಳ್ಳಿ." ಬಾಯಿಬಡುಕಿ ಅತ್ತೆ ತುಟಿ ಬಿಚ್ಚಲಿಲ್ಲ.

ಆಟೋದಲ್ಲಿ ನಾನು ಅತ್ತುಬಿಟ್ಟೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ನಿನ್ನ ಬೈಯೋದಕ್ಕೆ ನಾನಿಲ್ವಾ? ಅವರ್ಯಾಕೆ ಬೈಬೇಕು?"

ಅಂದಿನಿಂದ ಪ್ರತಿ ಮಧ್ಯಾಹ್ನ ಅವರ ಪಾದ ನನ್ನ ಮಡಿಲಿಗೆ ಬರುತ್ತಿತ್ತು. ಬೆರಳ ಸಂದಿಯನ್ನೂ ಬಿಡದೆ ನೋಡುತ್ತಿದ್ದೆ. ನನ್ನ ಕೈ ಒರಟು, ಕಣ್ಣು ಮಂದ ಎಂದು ಅವರು ಬೈಯುತ್ತಲೇ ಇರುತ್ತಿದ್ದರು. ನೆನೆದರೆ ಈಗಲೂ ಕೈಮುಗಿಯಬೇಕೆನಿಸುತ್ತದೆ. ಕೊನೆಯ ತನಕ ಅವರು ತಮ್ಮ ಎರಡು ಕಾಲ ಮೇಲೇ ನಡೆದರು, ಕೊನೆಯ ತನಕ ನನ್ನನ್ನು ಬೈದರು. ಆ ಮಾತ್ರೆ ತೊಳೆದವರು ಯಾರೆಂದು ಮಾತ್ರ ಮನೆಯಲ್ಲಿ ಒಬ್ಬರಿಗೂ ಹೇಳಲಿಲ್ಲ.