ಪಕ್ಕದ ಮನೆ ಅಜ್ಜಿಯ ಸೊಟ್ಟ ಬೆರಳು

ಅವರ ಬಲಗೈಯ ಕಿರುಬೆರಳು ಸೊಟ್ಟಗೆ ಹೊರಕ್ಕೆ ತಿರುಗಿಕೊಂಡಿತ್ತು. ಪಾತ್ರೆ ಹಿಡಿದರೂ, ಓಟ್ಸ್ ಕಲಸಿದರೂ ಅದೊಂದು ಮಾತ್ರ ತನಗೂ ಕೆಲಸಕ್ಕೂ ಸಂಬಂಧವಿಲ್ಲ ಎಂಬಂತೆ ದೂರವೇ ನಿಲ್ಲುತ್ತಿತ್ತು. ಏನಾಯಿತೆಂದು ಒಮ್ಮೆ ಕೇಳಿದೆ. "ಬೆರಳು ಓವನ್ ಬಾಗಿಲ ಸಂದಿಯಲ್ಲಿದ್ದಾಗ ಗಂಡ ಬಾಗಿಲು ಒದ್ದ. ಆಸ್ಪತ್ರೆಯಲ್ಲಿ ಕೇಳಿದಾಗ, ಬಿದ್ದೆ ಅಂದೆ. ಹನ್ನೊಂದು ವರ್ಷ, ಪ್ರತಿ ಸಲವೂ ಬಿದ್ದೆ ಅಂತಲೇ ಹೇಳಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ನೀಲಿಗಟ್ಟಿದ ನನ್ನ ಮೊಣಕೈಯನ್ನೇ ನೋಡಿದರು. ನಾನು ಅಂಗಿಯ ತೋಳು ಕೆಳಗೆಳೆದುಕೊಂಡೆ.

ಶೋರ್‌ಲೈನ್ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಇಂಗ್ಲೆಂಡಿನಲ್ಲಿ ಹುಟ್ಟಿದವರು, ಒಂಟಿ. ನಾನು ಅಜ್ಜಿ ಎನ್ನುತ್ತಿದ್ದೆ, ಅವರು ನನ್ನನ್ನು 'ಲವ್' ಎನ್ನುತ್ತಿದ್ದರು. ಅದಕ್ಕೆ ನಾನೇನೂ ಬೀಗುವಂತಿರಲಿಲ್ಲ, ಕಸದ ಗಾಡಿಯವನೂ ಅವರಿಗೆ 'ಲವ್' ಆಗಿದ್ದ.

ಶನಿವಾರ ತಪ್ಪದೆ ಫ್ಲ್ಯಾಪ್‌ಜಾಕ್ ಮಾಡುತ್ತಿದ್ದರು. ಬೆಣ್ಣೆ, ಕಂದು ಸಕ್ಕರೆ, ಜೋನಿಬೆಲ್ಲದಂಥ ಸಿರಪ್ ಕರಗಿಸಿ, ಓಟ್ಸ್ ಕಲಸಿ, ಟ್ರೇಗೆ ತಟ್ಟಿ ಓವನ್ನಿನಲ್ಲಿ ಬೇಯಿಸುವ ತಿಂಡಿ. ನಮ್ಮ ಬರ್ಫಿಯ ದೂರದ ನೆಂಟ. "ಕರಗಿದರೆ ಸಾಕು, ಕುದಿಸಬೇಡ" ಎಂದು ಹತ್ತು ಸಲ ಹೇಳಿದ್ದರು. ಪಾಕ ಎಂದಮೇಲೆ ಎಳೆ ಬರದೆ ಒಲೆ ಆರಿಸಲು ನನ್ನ ಕೈ ಕೇಳಬೇಕಲ್ಲ? ನಮ್ಮ ಮನೆಯಲ್ಲಿ ಮೊದಲ ಸಲ ಮಾಡಿದಾಗ ಎರಡು ಬೆರಳ ನಡುವೆ ಎಳೆ ಬರುವತನಕ ಕುದಿಸಿದೆ. ಬೆಂದು ಆರಿದಾಗ ಅದು ಹಾಸುಗಲ್ಲಾಗಿತ್ತು.

ನನ್ನ ಗಂಡ ಒಂದು ತುಂಡು ಕಚ್ಚಿದ. "ಹಲ್ಲೇ ಹೋಯ್ತಲ್ಲೇ! ಆ ಮುದುಕಿ ಹತ್ರ ಕಲಿತಿದ್ದು ಇದೇನಾ?" ಎಂದು ಟ್ರೇಯನ್ನೇ ಎತ್ತಿ ನನ್ನ ಹಣೆಗೆ ಬಾರಿಸಿದ. ರಕ್ತ ಕಣ್ಣಿಗಿಳಿಯಿತು. ಕೂದಲು ಹಿಡಿದು ಅಡುಗೆಕಟ್ಟೆಯ ಅಂಚಿಗೆ ಎರಡು ಸಲ ಚಚ್ಚಿದ. ನನ್ನ ಕಿರುಚಾಟ ಕೇಳಿ, ಪೊಲೀಸರಿಗೆ ಫೋನ್ ಮಾಡಿಯೇ ಅಜ್ಜಿ ಹಿಂಬಾಗಿಲಿಂದ ನುಗ್ಗಿದರು. ನೆಲಕ್ಕೆ ಬಿದ್ದಿದ್ದ ಫ್ಲ್ಯಾಪ್‌ಜಾಕಿನ ಗಟ್ಟಿ ಹೆಂಟೆಯೊಂದನ್ನು ಎತ್ತಿ ಅವನ ಮುಖಕ್ಕೆ ಬೀಸಿದರು. ಮೂಗು ಒಡೆಯಿತು. ನನ್ನ ಪಾಕ ಅಷ್ಟಕ್ಕಾದರೂ ಬಂತು. ಅವನು ಅವರ ಎರಡೂ ಭುಜ ಹಿಡಿದು ಗೋಡೆಗೆ ದೂಡಿದ. ಸೊಂಟದ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಪೊಲೀಸರು ಒಳಗೆ ಬರುವಾಗ ಅವನು ಮೂಗು ಒರೆಸಿಕೊಳ್ಳುತ್ತಾ ಕನ್ನಡದಲ್ಲಿ ಮೆಲ್ಲಗೆ ಹೇಳಿದ, "ಇಬ್ರೂ ಜಾರಿ ಬಿದ್ವಿ ಅಂತ ಹೇಳು. ನೀನಿಲ್ಲಿರೋದು ನನ್ನ ವೀಸಾ ಮೇಲೆ, ನೆನಪಿರ್ಲಿ." ಪೊಲೀಸ್ ಅಧಿಕಾರಿ ಹೆಂಗಸು ಏನಾಯಿತೆಂದು ಕೇಳುತ್ತಾ ನನ್ನತ್ತ ತಿರುಗಿದಳು. ಊರಿಗೆ ವಾಪಸು ಕಳಿಸಿಬಿಟ್ಟರೆ ಎಂಬ ಹೆದರಿಕೆ ನನಗೆ. ಅಜ್ಜಿ ನೆಲದ ಮೇಲೆ ನರಳುತ್ತಿದ್ದರು, ನನಗೆ ಒಂದು ಮಾತೂ ಹೇಳಿಕೊಡಲಿಲ್ಲ. ಆ ಸೊಟ್ಟ ಬೆರಳು ಕಣ್ಣಿಗೆ ಬಿತ್ತು.

"ಬಿದ್ದಿಲ್ಲ. ಹೊಡೆದ" ಎಂದೆ.

ಅವನಿಗೆ ಕೋಳ ಹಾಕಿ ಕರೆದೊಯ್ದರು. ನಾನು ಅಜ್ಜಿಯ ಮನೆ ಸೇರಿದೆ. ಅವರು ಮತ್ತೆ ಎದ್ದು ನಡೆಯಲೇ ಇಲ್ಲ, ಹಾಸಿಗೆಯಿಂದಲೇ "ಕುದಿಸಬೇಡ!" ಎಂದು ಗದರುತ್ತಿದ್ದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ನನಗಾಗಿ ಮುರಿದ ಸೊಂಟವೇ ಅವರನ್ನು ತಿಂದಿತು.

ಆಸ್ಪತ್ರೆಯಲ್ಲಿ ಅವರ ಸಾವಿನ ಕಾಗದ ತುಂಬುತ್ತಿದ್ದ ನರ್ಸ್ ಕೇಳಿದಳು, "ಸೊಂಟ ಮುರಿದದ್ದು ಬಿದ್ದಿದ್ದರಿಂದಲೇ?"

"ಅವರು ಬೀಳಲಿಲ್ಲ. ನನ್ನ ಗಂಡ ದೂಡಿದ. ಹಾಗೇ ಬರೆಯಿರಿ" ಎಂದೆ.