ಗಂಗಪ್ಪನ ಬಾಯ್ಲರಿಗೆ ಯಾರೋ ಕಟ್ಟಿದ ಕಲ್ಲು

ಗಂಗಪ್ಪನಿಗೆ ಹೇಸಿಗೆ ಬರದ ವಸ್ತು ಈ ಲೋಕದಲ್ಲಿ ಕಡಿಮೆ. ಲಕಮನಹಳ್ಳಿಯ ಒಂದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬಾಯ್ಲರಿನ ಮುಂದೆ ಬೆಂದವನು. ಹಸಿ ಕಟ್ಟಿಗೆ ಕಂಡರೆ ಹೇಸಿಗೆ, ಬೋರಿನ ಸವಳು ನೀರು ಕಂಡರೆ ಹೇಸಿಗೆ. ಆ ನೀರು ಕೊಳವೆಗಳೊಳಗೆ ಕಟ್ಟುವ ಬಿಳಿ ಹಕ್ಕಳೆಯನ್ನು ವರ್ಷಕ್ಕೊಮ್ಮೆ ಕೆರೆಯುವಾಗಂತೂ ಮಾಲೀಕ ಗುರುಬಸವನ ವಂಶವನ್ನೆಲ್ಲ ಜಾಲಾಡಿಬಿಡುತ್ತಿದ್ದ.

ಬಾಯ್ಲರ್ ಎಂದರೆ ಬಾಯಿ ಬಿಗಿದ ದೊಡ್ಡ ಹಂಡೆ, ಅಷ್ಟೇ. ಬೆಂಕಿಗೆ ಕಾದ ನೀರು ಉಗಿಯಾಗಿ, ಒಳಗೊಳಗೇ ಒತ್ತಡ ಕೂಡಿಸಿಕೊಂಡು ಕೊಳವೆಗಳಲ್ಲಿ ನುಗ್ಗುತ್ತದೆ. ಬಣ್ಣದ ತೊಟ್ಟಿ ಕುದಿಸುತ್ತದೆ, ಉರುಳೆ ಕಾಯಿಸಿ ಬಟ್ಟೆ ಒಣಗಿಸುತ್ತದೆ. ಒತ್ತಡ ಮಿತಿ ಮೀರಿದರೆ ನೆತ್ತಿಯ ಮೇಲಿನ ಸೇಫ್ಟಿ ವಾಲ್ವ್ ತನ್ನ ಕಬ್ಬಿಣದ ಕೋಲನ್ನು ಎತ್ತಿ ಉಗಿಯನ್ನು ಹೊರಗೆ ಬಿಡಬೇಕು. ಕೋಲಿನ ತುದಿಗೆ ಅಳೆದು ತೂಗಿ ಇಟ್ಟ ಒಂದು ಗುಂಡು. ಅದರ ಮೇಲೆ ತೂಕ ಹೆಚ್ಚು ಬಿದ್ದರೆ ಕೋಲು ಹೊತ್ತಿಗೆ ಸರಿಯಾಗಿ ಏಳುವುದಿಲ್ಲ, ಹಂಡೆಯೇ ಸಿಡಿಯಬಹುದು.

ಆ ಏಪ್ರಿಲ್ ಮಧ್ಯಾಹ್ನ ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿದರೂ ವಾಲ್ವ್ ಸದ್ದು ಮಾಡಲಿಲ್ಲ. ಗಂಗಪ್ಪ ತಲೆಯೆತ್ತಿ ನೋಡಿದ. ಗುಂಡಿನ ಪಕ್ಕದಲ್ಲಿ ತಕ್ಕಡಿಯ ಎರಡು ಕಿಲೋ ಕಲ್ಲು, ಹಸಿರು ಚಿಂದಿಯಲ್ಲಿ ಬಿಗಿದು ತೂಗುಬಿದ್ದಿತ್ತು. ಗೋಡೆಯಾಚೆ ಹನ್ನೊಂದು ಮಂದಿ ಹೆಂಗಸರು ಬಟ್ಟೆ ಮಡಚುತ್ತಿದ್ದರು; ಅವರಲ್ಲಿ ಅವನ ಹೆಂಡತಿ ಸತ್ಯವ್ವನೂ ಒಬ್ಬಳು.

"ಎಲ್ಲಾರೂ ಹೊರಗ ನಡೀರಿ!" ಎಂದು ಕೂಗಿ, ಬೆಂಕಿಯನ್ನೆಲ್ಲ ಹೊರಗೆಳೆದ. ಮುಳ್ಳು ಇಳಿಯುವವರೆಗೆ ಅಲ್ಲೇ ನಿಂತ. ಆಮೇಲೆ ಕಲ್ಲು ಬಿಚ್ಚಿ ತಂದು ಅಂಗಳದಲ್ಲಿದ್ದ ಗುರುಬಸವನ ಕಾಲ ಬಳಿ ಎಸೆದ.

"ಉಗಿ ಹಾಳಾಕ್ಕೈತಿ ಅಂತ ಹಿಂಗ ಮಾಡೂದೇನ್ರಿ ಧಣ್ಯಾರ? ಥೂ! ಮನಷಾರ ಜೀವಕ್ಕ ಇಷ್ಟಽ ಕಿಮ್ಮತ್ತೇನ್ರಿ?"

ಗುರುಬಸವನ ಮುಖ ಬಿಳಿಚಿತು. "ಆ ನಿಚ್ಚಣಿಕಿ ನಾ ಯಾವತ್ತರ ಹತ್ತೇನೇನೋ ಗಂಗಪ್ಪ? ನಮ್ಮವ್ವನಾಣಿ, ನನಗ ಗೊತ್ತಿಲ್ಲ."

"ಸುಳ್ಳಿಗೂ ಹೇಸೂದಿಲ್ಲ ಇವರು," ಎಂದು ಗಂಗಪ್ಪ ಉಗುಳಿದ.

ಹೆಂಗಸರ ಗುಂಪಿನಿಂದ ಸತ್ಯವ್ವ ಮುಂದೆ ಬಂದಳು. "ಅವರಿಗ್ಯಾಕ ಬೈತೀರಿ? ನಾನಽ ಕಟ್ಟೇನಿ. ಮನ್ಯಾಗ ಕಾಯಾವ್ರಿಲ್ಲ ಅಂತ ನಾವೆಲ್ಲಾ ಶಾವಿಗಿ ತಂದು ಇಲ್ಲೇ ಮಾಳಿಗಿ ಮ್ಯಾಲೆ ಒಣಗಾಕ ಹಾಕೇವಿ. ಆ ವಾಲ್ವು ದಿನಾ ಭುಸ್ ಅಂತ ನೀರ ಉಗುಳಿ ಎಲ್ಲಾ ಹಸಿ ಮಾಡ್ತಿತ್ತು. ನೀವು ಚಹಾಕ್ಕ ಹೋದಾಗ ಹತ್ತಿ ಕಟ್ಟಿದೆ. ಕೋಲು ಏಳಲಿಲ್ಲಂದ್ರ ಸುಮ್ನ ಇರ್ತೈತಿ ಅಂದ್ಕೊಂಡೆ."

"ಹುಚ್ಚೀ, ಅದು ಎದಕ್ಕ ಐತಿ ಅನ್ನೂದರ ಗೊತ್ತೈತೇನು ನಿನಗ?"

"ಹ್ಯಾಂಗ ಗೊತ್ತಾಗಬೇಕು? ಹ್ವಾದ ವರ್ಷ ಕೇಳಿದೆ. 'ನಿನಗ್ಯಾಕ ಬೇಕು ಅದು, ಬಟ್ಟಿ ಮಡಚು ಹೋಗು' ಅಂದ್ರಿ."

ಅಂದಿದ್ದ. ಅದೇ ಮಾತು, ಅದೇ ಸಿಡುಕಿನಲ್ಲಿ. ಹನ್ನೊಂದು ಮಂದಿ ಹೆಂಗಸರು ಬಿಸಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು. ಗುರುಬಸವ ಬಗ್ಗಿ ಕಲ್ಲನ್ನು ಎತ್ತಿಕೊಂಡ. ಗಂಗಪ್ಪನಿಗೆ ತನ್ನ ಮೇಲೆ ಬಂದಷ್ಟು ಹೇಸಿಗೆ ಯಾರ ಮೇಲೂ ಬಂದಿರಲಿಲ್ಲ.